ಅಣ್ಣಾ, ಲೋಕಲ್ ಬ್ಯಾಟರಿ ನಡೆಯುತ್ತಾ?

ವಾರಕ್ಕೆ ಎರಡು ಮೂರು ಸಲವಾದರೂ ಯಾರಾದರೊಬ್ಬರು ಕೇಳುತ್ತಾರೆ. ಹೊಸದಾಗಿ ಮದುವೆ ಫೋಟೋಗ್ರಫಿಗೆ ಇಳಿದ ಹುಡುಗರು, ಮಗನಿಗೆ ಕ್ಯಾಮೆರಾ ಕೊಡಿಸಿದ ಅಪ್ಪಂದಿರು, ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪ್ ಮಾಡುವ ಗೆಳೆಯರು. "ಅಣ್ಣಾ, ಒರಿಜಿನಲ್ ಬ್ಯಾಟರಿ ಸಿಕ್ಕಾಪಟ್ಟೆ ರೇಟು. ಲೋಕಲ್ ನಡೆಯುತ್ತಾ?" ಕ್ಯಾಮೆರಾ ಕಂಪನಿಯೇ ಮಾಡಿದ್ದು ಒರಿಜಿನಲ್, ಬೇರೆ ಕಂಪನಿಯವರು ಅಗ್ಗಕ್ಕೆ ಮಾಡಿದ್ದು ಲೋಕಲ್. ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಇನ್ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಅವಸರದಲ್ಲಿ ಇರುವವರಿಗೆ ಉತ್ತರ ಇಷ್ಟೇ: ನಡೆಯುತ್ತದೆ. ನನ್ನ ಬ್ಯಾಗಿನಲ್ಲೇ ನಾಲ್ಕು ಒರಿಜಿನಲ್, ಮೂರು ಲೋಕಲ್ ಇವೆ. ಆದರೆ ಮುಹೂರ್ತದ ಹೊತ್ತಿಗೆ ನಾನು ಲೋಕಲ್ ಹಾಕುವುದಿಲ್ಲ.

ನನಗೆ ಬೇಜಾರಾಗುವುದು ಆ "ನಡೆಯುತ್ತಾ" ಅನ್ನುವ ಮಾತಿಗೆ. ಅಂಗಡಿಯಲ್ಲಿ ನಿಂತು ಹಾಕಿ ನೋಡಿದರೆ ಎಲ್ಲ ಬ್ಯಾಟರಿಯೂ ನಡೆಯುತ್ತದೆ. ಸ್ಕ್ರೀನ್ ಹತ್ತಿಕೊಳ್ಳುತ್ತದೆ, ನಾಲ್ಕು ಫೋಟೋ ಬರುತ್ತದೆ, ಮುಗೀತು. ಕೇಳಬೇಕಾದದ್ದು ಅದು ಎಷ್ಟು ದಿನ ಬರುತ್ತದೆ, ಯಾವ ಹೊತ್ತಿನಲ್ಲಿ ಕೈ ಕೊಡುತ್ತದೆ, ಕೈ ಕೊಟ್ಟಾಗ ಏನೇನು ಹಾಳಾಗುತ್ತದೆ ಅಂತ. ಇದನ್ನು ಯಾರೂ ಕೇಳುವುದಿಲ್ಲ.

ಆಮೇಲೆ ಇನ್ನೊಂದು ಮಾತು ಇದ್ದೇ ಇರುತ್ತದೆ. "ಒಳಗಿರೋದು ಅದೇ ಸೆಲ್ ಅಲ್ವಾ ಸರ್? ಸುಮ್ನೆ ಹೆಸರಿಗೆ ದುಡ್ಡು ಕೊಡ್ಬೇಕು." ನಾನು ಅಲ್ಲ ಅಂದರೆ, "ನಿಮಗೆ ಕಂಪನಿಯವರು ಏನಾದ್ರೂ ಕೊಡ್ತಾರಾ?" ಅಂತ ನಗುತ್ತಾರೆ. ಯಾವ ಕಂಪನಿಯೂ ನನಗೆ ಒಂದು ರೂಪಾಯಿ ಕೊಟ್ಟಿಲ್ಲ. ಒರಿಜಿನಲ್ ಬೆಲೆ ಜಾಸ್ತಿ, ಅದನ್ನು ನಾನೂ ಒಪ್ಪುತ್ತೇನೆ. ಒಂದು ಒರಿಜಿನಲ್ ದುಡ್ಡಿಗೆ ನಾಲ್ಕೈದು ಲೋಕಲ್ ಬರುತ್ತವೆ. ಮದುವೆ ಸೀಸನ್ ಮುಗಿದ ಆಷಾಢದಲ್ಲಿ ಕೈಯಲ್ಲಿ ಕಾಸಿಲ್ಲದೆ ಕೂತಾಗ ಆ ಲೆಕ್ಕ ನನಗೂ ಕಾಣುತ್ತದೆ.

ಒಳಗೆ ಏನಿದೆ ಅಂತ ನನಗೆ ಗೊತ್ತಿರುವ ಬ್ಯಾಟರಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ನಾನು ಕೆನಾನ್ ಬಳಸುವವನು. ಮೊದಲು 6ಡಿ ಅನ್ನುವ ಮಾಡೆಲ್ ಇತ್ತು, ಈಗ ಆರ್6 ಇದೆ. ಎರಡಕ್ಕೂ ಎಲ್‌ಪಿ-ಇ6 ಜಾತಿಯ ಬ್ಯಾಟರಿ. ಅದು 7.2 ವೋಲ್ಟ್ ಪ್ಯಾಕ್. ಅಂದರೆ ಒಳಗೆ 3.6 ವೋಲ್ಟಿನ ಎರಡು ಲಿಥಿಯಂ-ಅಯಾನ್ ಸೆಲ್‌ಗಳನ್ನು ಒಂದರ ಹಿಂದೊಂದು ಜೋಡಿಸಿರುತ್ತಾರೆ. ಈ ಜೋಡಿ ಎತ್ತಿನ ಗಾಡಿ ಇದ್ದಂತೆ. ಒಂದು ಎತ್ತು ಸೋತರೆ ಇನ್ನೊಂದಕ್ಕೆ ಎಷ್ಟೇ ಕಸುವಿದ್ದರೂ ಗಾಡಿ ಮುಂದೆ ಹೋಗುವುದಿಲ್ಲ. ಒಂದು ಸೆಲ್ ಖಾಲಿಯಾದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಆಫ್ ಆಗುತ್ತದೆ. ಒಳ್ಳೆ ಪ್ಯಾಕ್ ಮಾಡುವವರು ಸಮನಾದ ಎರಡು ಸೆಲ್ ಆರಿಸಿ ಜೋಡಿಸುತ್ತಾರೆ. ಅಗ್ಗಕ್ಕೆ ಮಾಡುವವನಿಗೆ ಆ ಆರಿಸುವ ಕೆಲಸವೇ ಖರ್ಚು. ಅದಕ್ಕೇ "ಅರ್ಧ ತೋರಿಸ್ತಿತ್ತು, ಇದ್ದಕ್ಕಿದ್ದಂತೆ ಆಫ್ ಆಯ್ತು" ಅನ್ನುವ ದೂರು ಲೋಕಲ್ ಬ್ಯಾಟರಿ ಬಗ್ಗೆ ಅಷ್ಟೊಂದು ಕೇಳಿಬರುವುದು.

ಪ್ಲಸ್, ಮೈನಸ್ ಬಿಟ್ಟರೆ ಬೇರೆ ಪಿನ್‌ಗಳೂ ಇವೆ. ಬ್ಯಾಟರಿ ಎಷ್ಟು ಬಿಸಿಯಾಗಿದೆ ಅಂತ ಚಾರ್ಜರ್‌ಗೆ ಗೊತ್ತಾಗಬೇಕು. ಎಷ್ಟು ಚಾರ್ಜ್ ಉಳಿದಿದೆ, ಬ್ಯಾಟರಿ ಎಷ್ಟು ಸವೆದಿದೆ ಅಂತ ಕ್ಯಾಮೆರಾಗೆ ಗೊತ್ತಾಗಬೇಕು. ಈ ಎರಡನೆಯದು ಒಳಗಿನ ಚಿಪ್ ಮಾಡುವ ಕೆಲಸ. ಕೆನಾನ್ ಮೆನುವಿನಲ್ಲಿ ಬ್ಯಾಟರಿ ಇನ್ಫೋ ತೆರೆದರೆ ಮೂರು ಚೌಕ ಕಾಣುತ್ತವೆ. ಮೂರೂ ಹಸಿರು ಇದ್ದರೆ ಬ್ಯಾಟರಿ ಚೆನ್ನಾಗಿದೆ. ಎರಡಾದರೆ ಸ್ವಲ್ಪ ಸವೆದಿದೆ. ಒಂದೇ ಒಂದು ಕೆಂಪು ಉಳಿದರೆ ಹೊಸದು ತಗೊಳ್ಳಿ ಅಂತ. ನಿಕಾನ್‌ನಲ್ಲಿ ಇದೇ ಲೆಕ್ಕ 0ಯಿಂದ 4ರ ತನಕ ಇದೆ. 0 ಅಂದರೆ ಹೊಸದು, 4 ಅಂದರೆ ಆಯಸ್ಸು ಮುಗಿದದ್ದು. ಚಿಪ್ ಇಲ್ಲದ ಲೋಕಲ್ ಹಾಕಿದರೆ ಕ್ಯಾಮೆರಾಗೆ ಇದ್ಯಾವುದೂ ತಿಳಿಯುವುದಿಲ್ಲ. ಚಿಪ್ ಇದ್ದರೂ ಅದು ಹೇಳುವ ಲೆಕ್ಕವನ್ನು ನಾನು ಕಣ್ಣು ಮುಚ್ಚಿ ನಂಬುವುದಿಲ್ಲ.

ಡೂಪ್ಲಿಕೇಟ್ ಅನ್ನುವ ಪದದ ಬಗ್ಗೆಯೂ ಹೇಳಲೇಬೇಕು. ನಮ್ಮಲ್ಲಿ ಎರಡು ಬೇರೆ ಬೇರೆ ವಸ್ತುಗಳಿಗೆ ಈ ಒಂದೇ ಹೆಸರು ಇದೆ. ಒಂದು, ತನ್ನದೇ ಹೆಸರು ಹಾಕಿಕೊಂಡು, "ನಾನು ಈ ಕ್ಯಾಮೆರಾಗೆ ಹೊಂದುತ್ತೇನೆ" ಅಂತ ಹೇಳುವ ಬೇರೆ ಕಂಪನಿಯ ಬ್ಯಾಟರಿ. ಅದು ಲೋಕಲ್ ಇರಬಹುದು, ಮೋಸ ಅಲ್ಲ. ಇನ್ನೊಂದು, ಕೆನಾನ್ ಅಂತಲೋ ನಿಕಾನ್ ಅಂತಲೋ ಸೋನಿ ಅಂತಲೋ ಸುಳ್ಳು ಹೆಸರು ಒತ್ತಿದ ಫಸ್ಟ್ ಕಾಪಿ. ಇದು ಕಳ್ಳಮಾಲು. ಮೊದಲನೆಯದನ್ನು ನಾನು ದುಡ್ಡು ಕೊಟ್ಟು ತಗೊಳ್ಳುತ್ತೇನೆ. ಎರಡನೆಯದನ್ನು ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ. ಹೆಸರಿನಲ್ಲೇ ಸುಳ್ಳು ಹೇಳಿದವನು ಒಳಗಿನ ಸರ್ಕ್ಯೂಟ್‌ನಲ್ಲಿ ನಿಜ ಹೇಳುತ್ತಾನಾ? "ಒರಿಜಿನಲ್ಲೇ ಸರ್, ಬಿಲ್ ಮಾತ್ರ ಕೊಡಲ್ಲ" ಅಂತ ಯಾರಾದರೂ ಅರ್ಧ ಬೆಲೆಗೆ ಕೊಟ್ಟರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಲೋಕಲ್ ತಗೊಳ್ಳುವಾಗ ನಾನು ನೋಡುವುದು ಕಡಿಮೆಯೇ. ನಮ್ಮ ದೇಶದಲ್ಲಿ ಇಂಥ ಬ್ಯಾಟರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಮೈಮೇಲೆ ಐಎಸ್ 16046 ಅಂತ, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಆಮೇಲೆ ಎಂಎಎಚ್ ಲೆಕ್ಕ, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅಂತ ನೋಡುತ್ತೇನೆ. ಹಳೆ ಎಲ್‌ಪಿ-ಇ6 ಒರಿಜಿನಲ್ 1800, ಆಮೇಲಿನ ಇ6ಎನ್ 1865, 2020ರಲ್ಲಿ ಆರ್5 ಮತ್ತು ಆರ್6 ಜೊತೆ ಬಂದ ಇ6ಎನ್‌ಎಚ್ 2130. ಇಷ್ಟು ಏರಿಸೋಕೆ ಕೆನಾನ್‌ನಂಥ ಕಂಪನಿಗೆ ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅದೇ ಅಳತೆಯ ಡಬ್ಬಿಯಲ್ಲಿ 3000ಕ್ಕಿಂತ ಜಾಸ್ತಿ ಇದೆ ಅಂತ ಬರೆದಿದ್ದರೆ ನಾನು ಅದನ್ನು ಕೆಳಗಿಡುತ್ತೇನೆ. ಕೈಯಲ್ಲಿ ಹಿಡಿದು ತೂಗಿಯೂ ನೋಡುತ್ತೇನೆ. ಒರಿಜಿನಲ್ ಸುಮಾರು 80 ಗ್ರಾಂ ತೂಗುತ್ತದೆ. ತೀರಾ ಹಗುರ ಅನ್ನಿಸಿದರೆ ಒಳಗೆ ಸರಕು ಕಮ್ಮಿ.

ನನ್ನ ಸಿಟ್ಟು ಎಲ್ಲಿಂದ ಬಂತು ಅಂತ ಹೇಳದಿದ್ದರೆ ಇದೆಲ್ಲ ಬರೀ ಉಪದೇಶ ಆಗುತ್ತದೆ.

2019, ಶಿವಮೊಗ್ಗದಲ್ಲಿ ಒಂದು ಮದುವೆ. ಹಿಂದಿನ ರಾತ್ರಿ ಮಂಟಪದ ಮೇಲಿನ ರೂಮಿನಲ್ಲಿ ನಮಗೆ ಜಾಗ ಕೊಟ್ಟಿದ್ದರು. ಇದ್ದದ್ದು ಒಂದೇ ಪ್ಲಗ್ ಪಾಯಿಂಟ್. ಒಂದು ಎಕ್ಸ್‌ಟೆನ್ಶನ್‌ಗೆ ಮೂರು ಚಾರ್ಜರ್ ಚುಚ್ಚಿ, ಮಡಿಸಿಟ್ಟ ಜಮಖಾನದ ಮೇಲೆ ಇಟ್ಟು ಮಲಗಿದೆ. ಬೆಳಗಿನ ಜಾವ ಎದ್ದು ಮುಟ್ಟಿದರೆ ಒಂದು ಲೋಕಲ್ ಬ್ಯಾಟರಿ ಇನ್ನೂ ಬಿಸಿ ಇತ್ತು. ಕ್ಯಾಮೆರಾಗೆ ಹಾಕುವಾಗ ಹೆಬ್ಬೆರಳಿನಿಂದ ಸ್ವಲ್ಪ ಒತ್ತಬೇಕಾಯಿತು. ಅದು ಹೊಸದೇನಲ್ಲ, ಎರಡು ವಾರದಿಂದ ಹಾಗೇ ಬಿಗಿ ಇತ್ತು. ಒತ್ತಿದೆ, ಟಕ್ ಅಂತ ಕೂತಿತು, ಸರಿ ಅಂತ ಹೊರಟೆ.

ಕಾಶಿಯಾತ್ರೆ ಆಯಿತು, ಹೆಣ್ಣನ್ನು ಕರೆತಂದರು. ಅಂತರಪಟ ಹಿಡಿದರು. ಆ ಕಡೆ ಹುಡುಗ, ಈ ಕಡೆ ಹುಡುಗಿ, ಇಬ್ಬರ ಕೈಯಲ್ಲೂ ಜೀರಿಗೆ-ಬೆಲ್ಲ. ನಾನು ಪಕ್ಕದಲ್ಲಿ ಮಂಡಿಯೂರಿ ಕೂತಿದ್ದೆ. ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ತೋರಿಸುತ್ತಿತ್ತು. ಗಟ್ಟಿಮೇಳ ಅಂದರು, ಡೋಲು ಬಡಿಯಿತು, ಅಂತರಪಟ ಕೆಳಗೆ ಸರಿಯಿತು. ಹುಡುಗಿ ಅಲ್ಲಿಯವರೆಗೆ ತಲೆ ಬಗ್ಗಿಸಿ ತುಟಿ ಕಚ್ಚಿಕೊಂಡು ನಿಂತಿದ್ದವಳು ತಲೆ ಎತ್ತಿದಳು. ಜೀರಿಗೆ-ಬೆಲ್ಲ ಅವನ ತಲೆಗೆ ಹಾಕೋಕೆ ಹೋಗಿ ಅರ್ಧ ಅವನ ಮೂಗಿನ ಮೇಲೆ ಬಿತ್ತು. ಅವಳಿಗೆ ನಗು ತಡೆಯೋಕೆ ಆಗಲಿಲ್ಲ. ಬಾಯಿ ತುಂಬಾ ನಕ್ಕಳು. ಅವಳ ಹಿಂದೆ ನಿಂತಿದ್ದ ಅಮ್ಮ ಅಳುತ್ತಾ ಅಳುತ್ತಾ ಮಗಳ ನಗು ನೋಡಿ ತಾನೂ ನಕ್ಕರು.

ನಾನು ಬಟನ್ ಒತ್ತಿದ್ದೆ. ಕ್ಯಾಮೆರಾ ಸದ್ದೇ ಮಾಡಲಿಲ್ಲ.

ಡಿಎಸ್‌ಎಲ್‌ಆರ್‌ನಲ್ಲಿ, ಅಂದರೆ 6ಡಿಯಂಥ ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ, ಬ್ಯಾಟರಿ ಸತ್ತರೂ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ (ವ್ಯೂಫೈಂಡರ್) ಚಿತ್ರ ಕಾಣುತ್ತಲೇ ಇರುತ್ತದೆ. ಕನ್ನಡಿಯಿಂದ ಬರುವ ಬೆಳಕು ಅದು, ಅದಕ್ಕೆ ಕರೆಂಟು ಬೇಡ. ಆ ನಗುವನ್ನು ನಾನು ಪೂರ್ತಿ ನೋಡಿದೆ. ಫ್ರೇಮ್ ಸರಿ ಇತ್ತು, ಫೋಕಸ್ ಕಣ್ಣಿನ ಮೇಲೇ ಇತ್ತು. ಬೆರಳು ಒತ್ತುತ್ತಲೇ ಇತ್ತು. ಒಂದು ಫೋಟೋನೂ ಬರಲಿಲ್ಲ.

ಕೆಳಗಿನ ಬಾಗಿಲು ತೆಗೆದು ಲಾಕ್ ಒತ್ತಿದರೆ ಬ್ಯಾಟರಿ ಹೊರಗೆ ಬರುತ್ತಿಲ್ಲ. ಒಳಗೇ ಉಬ್ಬಿ ಕೂತಿದೆ. ಉಗುರು ಹಾಕಿ ಎಳೆದೆ, ಉಗುರು ಮುರಿಯಿತು. ಅಂಗಿ ಜೇಬಿನಲ್ಲಿ ಫುಲ್ ಚಾರ್ಜ್ ಆದ ಒರಿಜಿನಲ್ ಬ್ಯಾಟರಿ ಇತ್ತು, ಹಾಕೋಕೆ ಜಾಗ ಇರಲಿಲ್ಲ. ನನ್ನ ಜೊತೆಗಿದ್ದ ಹುಡುಗನನ್ನು ಮನೆಯವರು ಬಾಗಿಲ ಹತ್ತಿರ ಬಂದವರ ಫೋಟೋಗೆ ನಿಲ್ಲಿಸಿದ್ದರು. ಅವನು ಎರಡನೇ ಕ್ಯಾಮೆರಾ ಹಿಡಿದು ಓಡಿ ಬರುವಷ್ಟರಲ್ಲಿ ಅಕ್ಷತೆ ಬಿದ್ದು ಮುಗಿದಿತ್ತು. ವಿಡಿಯೋದವರು ಮದುಮಗನ ಹಿಂದೆ ನಿಂತಿದ್ದರು. ಅದರಲ್ಲಿ ಕಾಣುವುದು ಪೇಟ ಮಾತ್ರ.

ಹುಡುಗಿಯ ಅಪ್ಪನಿಗೆ ಕೈಮುಗಿದು ವಿಷಯ ಹೇಳಿದೆ. ಅವರು ದೊಡ್ಡ ಮನುಷ್ಯರು, ಬೈಯಲಿಲ್ಲ. "ಇನ್ನೊಂದ್ಸಲ ಹಾಕ್ಸೋಣ ಬಿಡಿ" ಅಂದರು. "ಮುಹೂರ್ತ ಎರಡು ಸಲ ಬರುತ್ತೇನ್ರೀ?" ಅಂತ ಪುರೋಹಿತರು ಗದರಿದರು, ಆಮೇಲೆ ಅವರೇ ಅಂತರಪಟದ ಒಂದು ತುದಿ ಹಿಡಿದರು. ಫೋಟೋ ಬಂತು. ಆಲ್ಬಮ್‌ನಲ್ಲಿ ಪೂರ್ತಿ ಪುಟಕ್ಕೆ ಹಾಕಿದ್ದೇವೆ. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಅದರಲ್ಲಿ ಬೆಲ್ಲ ಸರಿಯಾಗಿ ತಲೆಯ ಮೇಲೇ ಬಿದ್ದಿದೆ. ಹುಡುಗಿ ಕ್ಯಾಮೆರಾ ನೋಡಿ ನಕ್ಕಿದ್ದಾಳೆ. ಅಮ್ಮ ಅಷ್ಟರಲ್ಲಿ ಕಣ್ಣೊರೆಸಿಕೊಂಡಿದ್ದರು.

ಉಬ್ಬಿದ ಬ್ಯಾಟರಿ ತೆಗೆಯೋಕೆ ಸ್ಕ್ರೂಡ್ರೈವರ್ ಹಾಕಬಾರದು ಅಂತ ಗೊತ್ತಿತ್ತು, ಹಾಕಲಿಲ್ಲ. ಲಿಥಿಯಂ ಸೆಲ್‌ಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು. ರಿಪೇರಿಯವರು ಕ್ಯಾಮೆರಾದ ತಳ ಬಿಚ್ಚಿ ತೆಗೆದುಕೊಟ್ಟರು. ಆ ಖರ್ಚಿಗೆ ಎರಡು ಒರಿಜಿನಲ್ ಬರುತ್ತಿತ್ತು.

ಲೋಕಲ್ ತಗೊಳ್ಳಬೇಡಿ ಅಂತ ಹೇಳೋಕೆ ನಾನು ಈ ಕಥೆ ಹೇಳಲಿಲ್ಲ. ಎಷ್ಟೋ ಸಲ ಯೋಚಿಸಿದ್ದೇನೆ. ಆ ಬ್ಯಾಟರಿ ಎರಡು ವಾರ ಮೊದಲೇ ನನಗೆ ಹೇಳಿತ್ತು. ಬಿಗಿ ಆಗಿದ್ದೇ ಅದರ ಮಾತು. ಒರಿಜಿನಲ್ ಕೂಡ ಹಳೆಯದಾದರೆ ಉಬ್ಬುತ್ತದೆ, ನಾನು ನೋಡಿದ್ದೇನೆ. ಹಾಗಾಗಿ ಜನ ನನ್ನನ್ನು ಕೇಳಬೇಕು ಅಂತ ನಾನು ಕಾಯುವ ಪ್ರಶ್ನೆ ಬೇರೆ ಇದೆ: "ಅಣ್ಣಾ, ಬ್ಯಾಟರಿನ ಯಾವಾಗ ಕೈ ಬಿಡ್ಬೇಕು?"

ಇದಕ್ಕೆ ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳುತ್ತೇನೆ. ಹೊಸ ಬ್ಯಾಟರಿ ಬಂದ ದಿನವೇ ಅದರ ಮೇಲೆ ಬಿಳಿ ಟೇಪ್ ಅಂಟಿಸಿ ನಂಬರ್, ತಿಂಗಳು, ವರ್ಷ ಬರೆಯಿರಿ. ತಗೊಂಡ ವಾರದಲ್ಲೇ ಮನೆಯಲ್ಲಿ ಕೂತು ಒಂದು ಸಲ ಪೂರ್ತಿ ಓಡಿಸಿ, ಎಷ್ಟು ಹೊತ್ತು ವಿಡಿಯೋ ಬಂತು ಅಂತ ಬರೆದಿಡಿ. ಆರು ತಿಂಗಳಿಗೊಮ್ಮೆ ಮತ್ತೆ ಓಡಿಸಿ. ಮೊದಲ ದಿನದ ಮುಕ್ಕಾಲು ಭಾಗವೂ ಬರದಿದ್ದರೆ ಅದನ್ನು ಕೆಲಸಕ್ಕೆ ಒಯ್ಯಬೇಡಿ. ರಾತ್ರಿಯಿಡೀ ಹಾಸಿಗೆ, ಜಮಖಾನದ ಮೇಲೆ ಚಾರ್ಜ್‌ಗೆ ಇಡಬೇಡಿ. ಬೇಸಿಗೆಯಲ್ಲಿ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಬಿಸಿ ಮತ್ತು ಫುಲ್ ಚಾರ್ಜ್ ಎರಡೂ ಸೇರಿದರೆ ಲಿಥಿಯಂ ಬೇಗ ಮುಪ್ಪಾಗುತ್ತದೆ. ಆಷಾಢದಲ್ಲಿ ಕೆಲಸ ಇಲ್ಲದಾಗ ಅರ್ಧ ಚಾರ್ಜ್ ಉಳಿಸಿ ತಂಪು ಜಾಗದಲ್ಲಿ ಇಡಿ.

ಮಿರರ್‌ಲೆಸ್‌ಗೆ, ಅಂದರೆ ಆರ್6ನಂಥ ಕನ್ನಡಿ ಇಲ್ಲದ ಕ್ಯಾಮೆರಾಗೆ ಹೋದವರಿಗೆ ಈ ಮಾತು ಇನ್ನೂ ಮುಖ್ಯ. 6ಡಿಯಲ್ಲಿ ಒಂದು ಚಾರ್ಜ್‌ಗೆ 1090 ಫೋಟೋ ಅಂತ ಕಂಪನಿ ಲೆಕ್ಕ. ಆರ್6ನಲ್ಲಿ ವ್ಯೂಫೈಂಡರ್ ಬಳಸಿದರೆ 380. ನಿಜವಾದ ಕೆಲಸದಲ್ಲಿ ಇದಕ್ಕಿಂತ ಜಾಸ್ತಿ ಬರುತ್ತದೆ, ಆದರೂ ಕಣ್ಣಿಗೆ ಕಾಣುವ ಚಿತ್ರಕ್ಕೂ ಈಗ ಬ್ಯಾಟರಿಯೇ ಬೇಕು. ಜಾಸ್ತಿ ಬ್ಯಾಟರಿ ಬೇಕಾಗುತ್ತದೆ, ಆಗ ಲೋಕಲ್ ಕಡೆ ಮನಸ್ಸು ಹೋಗುವುದು ಸಹಜ. ಹೋಗಲಿ. ಆರತಕ್ಷತೆಗೆ, ಊಟದ ಹಾಲ್‌ಗೆ, ರಿಹರ್ಸಲ್‌ಗೆ ನಾನೂ ಲೋಕಲ್ ಹಾಕುತ್ತೇನೆ. ಮಾಂಗಲ್ಯಕ್ಕೆ ಅರ್ಧ ಗಂಟೆ ಮುಂಚೆ ಒರಿಜಿನಲ್‌ಗೆ ಬದಲಾಯಿಸುತ್ತೇನೆ, ಇದ್ದದ್ದು ಮುಕ್ಕಾಲು ತುಂಬಿದ್ದರೂ ಸರಿ.

ಹೋದ ವಾರ ಒಬ್ಬ ಹುಡುಗ ಸ್ಟುಡಿಯೋಗೆ ಬಂದಿದ್ದ. ಅದೇ ಪ್ರಶ್ನೆ. ನಾನು ಉತ್ತರ ಹೇಳಲಿಲ್ಲ. "ನಿನ್ನ ಹತ್ರ ಇರೋ ಬ್ಯಾಟರಿ ಎಲ್ಲಾ ತೆಗಿ" ಅಂದೆ. ನಾಲ್ಕು ತೆಗೆದ. ಕೌಂಟರ್ ಗಾಜಿನ ಮೇಲೆ ಒಂದೊಂದನ್ನೇ ಅಂಗಾತ ಇಟ್ಟು ತುದಿಯನ್ನು ಬೆರಳಿನಿಂದ ತಳ್ಳಿಸಿದೆ. ಚಪ್ಪಟೆ ಇದ್ದರೆ ಬ್ಯಾಟರಿ ಸ್ವಲ್ಪ ಜಾರಿ ನಿಲ್ಲುತ್ತದೆ. ಮೂರು ಹಾಗೇ ನಿಂತವು. ನಾಲ್ಕನೆಯದು ಬುಗುರಿಯಂತೆ ಗರ್ರನೆ ಎರಡು ಸುತ್ತು ತಿರುಗಿತು. ಹೊಟ್ಟೆ ಉಬ್ಬಿತ್ತು. ನೋಡಿದರೆ ಅದು ಕ್ಯಾಮೆರಾ ಜೊತೆ ಬಂದ ಒರಿಜಿನಲ್. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಬ್ಯಾಟರಿ ಎಷ್ಟು ಹಳೆಯದೋ ಅವನಿಗೆ ಗೊತ್ತಿಲ್ಲ.

ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ, "ಅಣ್ಣಾ, ಇದನ್ನ ಎಲ್ಲಿ ಹಾಕೋದು? ಕಸದ ಗಾಡಿಗೆ ಹಾಕ್ಬಹುದಾ?" ಅಂದ.

ಬೇಡಪ್ಪ ಅಂದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಇದನ್ನು ಮನೆ ಕಸದ ಜೊತೆ ಸೇರಿಸುವ ಹಾಗಿಲ್ಲ. ಪಿನ್‌ಗಳ ಮೇಲೆ ಟೇಪ್ ಸುತ್ತಿ, ಬಾಲ್ಕನಿಯಲ್ಲಿ ಮರಳು ತುಂಬಿಸಿಟ್ಟ ಡಬ್ಬಿಗೆ ಹಾಕಿದೆ. ಅದರಲ್ಲಿ ನನ್ನವೂ ಐದಿವೆ. ತಿಂಗಳ ಕೊನೆಗೆ ಇ-ತ್ಯಾಜ್ಯ ತಗೊಳ್ಳುವವರಿಗೆ ಎಲ್ಲ ಒಟ್ಟಿಗೆ ಕೊಟ್ಟು ಬರುತ್ತೇನೆ.