ಈ ಮುಳ್ಳಿನಲ್ಲಿ ಎಷ್ಟು ವರ್ಷ ಕೇಳಿದಿರಿ?

ಶನಿವಾರ ಮಧ್ಯಾಹ್ನದಿಂದ ಈ ಪ್ರಶ್ನೆ ನನ್ನ ಕಿವಿಯಲ್ಲೇ ಕುಳಿತಿದೆ. ಎಸ್.ಪಿ. ರಸ್ತೆಯ ಒಳಗಲ್ಲಿಯಲ್ಲಿ, ಇಬ್ಬರು ನಿಂತರೆ ತುಂಬಿಹೋಗುವ ರಿಪೇರಿ ಅಂಗಡಿ. ಅಲ್ಲಿನ ಹಿರಿಯರು ಅಪ್ಪನ ಟರ್ನ್‌ಟೇಬಲ್ಲಿನ ಕಾರ್ಟ್ರಿಜ್ಜನ್ನು, ಅಂದರೆ ಪ್ಲೇಟಿನ ಮೇಲೆ ಓಡುವ ಮುಳ್ಳನ್ನು ಹಿಡಿದಿರುವ ತಲೆಯನ್ನು, ಒಂದು ಪುಟ್ಟ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ತಲೆಯೆತ್ತದೆ ಕೇಳಿದರು: “ಈ ಮುಳ್ಳಿನಲ್ಲಿ ಎಷ್ಟು ವರ್ಷ ಕೇಳಿದಿರಿ?” ಅದರಲ್ಲಿ ಬೈಗುಳವಿರಲಿಲ್ಲ. ವೈದ್ಯರು ‘ಎಷ್ಟು ದಿನದಿಂದ ಕೆಮ್ಮು’ ಎಂದು ಕೇಳುವಂತಿತ್ತು.

“ಒಂಬತ್ತು” ಎಂದೆ. ಅಪ್ಪ ಹೋದ ಮೇಲೆ ಅಷ್ಟೇ ವರ್ಷ. ಅವರು ಪಕ್ಕಕ್ಕೆ ಸರಿದು ನನಗೂ ನೋಡಲು ಹೇಳಿದರು. ನುಣ್ಣಗೆ ದುಂಡಗಿರಬೇಕಾದ ವಜ್ರದ ಮೊನೆ ಎರಡೂ ಪಕ್ಕ ಸವೆದು ಉಳಿಯ ಬಾಯಿಯಂತಾಗಿತ್ತು.

ಅದಕ್ಕೂ ಮೊದಲು ಬೆಳಿಗ್ಗೆ ಗಾಜಿನ ಬಾಗಿಲಿನ ಇನ್ನೊಂದು ಅಂಗಡಿಗೆ ಹೋಗಿದ್ದೆ. ಹತ್ತು ಸಾವಿರದೊಳಗೆ ಕಾರ್ಟ್ರಿಜ್ ಬೇಕು ಎಂದಾಗ ಅಲ್ಲಿನ ಯುವಕ, “ಮೂವತ್ತು ಸಾವಿರಕ್ಕಿಂತ ಕೆಳಗಾದರೆ ಮೊಬೈಲಿನಲ್ಲೇ ಕೇಳಿ ಸರ್” ಎಂದ. ಅವನು ತೋರಿಸಿದ್ದು ಮೂವಿಂಗ್ ಕಾಯಿಲ್ ಬಗೆಯದು, ಮುಳ್ಳಿನ ಜೊತೆ ತಂತಿಸುರುಳಿ ಅಲುಗುವಂಥದು. ಅದರಿಂದ ಹೊರಡುವ ವಿದ್ಯುತ್ ಸಂಕೇತ ಬಹಳ ಕ್ಷೀಣ, ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟಿನ ಆಸುಪಾಸು. ಅಯಸ್ಕಾಂತ ಅಲುಗುವ ಮೂವಿಂಗ್ ಮ್ಯಾಗ್ನೆಟ್ ಬಗೆಗೆ ಮಾತ್ರ ಹೊಂದುವ ನನ್ನ ಹಳೆಯ ಆಂಪ್ಲಿಫೈಯರಿಗೆ ಅದನ್ನು ಜೋಡಿಸಲು ಸಂಕೇತ ಹಿಗ್ಗಿಸುವ ಇನ್ನೊಂದು ಪೆಟ್ಟಿಗೆ ಕೊಳ್ಳಬೇಕು. ನಿಮ್ಮ ಆಂಪ್ಲಿಫೈಯರ್ ಯಾವುದು ಎಂದು ಕೂಡ ಕೇಳದೆ ಬೆಲೆ ಹೇಳುವವನನ್ನು ನಾನು ವ್ಯಾಪಾರಿ ಎನ್ನಲಾರೆ.

ಹಿರಿಯರು ಬೆಲೆಯ ಮಾತೇ ಎತ್ತಲಿಲ್ಲ. ಯಾವ ಯಾವ ಪ್ಲೇಟುಗಳಿವೆ, ಯಾವ ಮಗ್ಗುಲು ಹೆಚ್ಚು ಕೇಳುತ್ತೀರಿ, ಮುಳ್ಳು ಪ್ಲೇಟನ್ನು ಒತ್ತುವ ಭಾರ ಎಷ್ಟಿಟ್ಟಿದ್ದೀರಿ ಎಂದು ಕೇಳಿದರು. “ಒಂದು ಗ್ರಾಂ. ಹಗುರವಾದಷ್ಟೂ ಪ್ಲೇಟಿಗೆ ಒಳ್ಳೆಯದಲ್ಲವೇ?” ಎಂದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಭಾರ ಸಾಲದಿದ್ದರೆ ಮುಳ್ಳು ಪ್ಲೇಟಿನ ಗೆರೆಯಲ್ಲಿ ಊರಿ ನಿಲ್ಲುವುದಿಲ್ಲ, ದನಿ ಏರಿದಲ್ಲೆಲ್ಲ ಪುಟಿದು ಗೆರೆಯ ಗೋಡೆಗೆ ಬಡಿಯುತ್ತದೆ. ಪ್ಲೇಟುಗಳನ್ನು ಕಾಪಾಡುತ್ತಿದ್ದೇನೆಂದು ನಂಬಿ ನಾನೇ ಅಪ್ಪ ಇಟ್ಟಿದ್ದ ಭಾರವನ್ನು ಇಳಿಸಿದ್ದೆ.

ಕೊನೆಗೆ ಕೊಂಡದ್ದು ಆಡಿಯೋ ಟೆಕ್ನಿಕಾದ ಎಟಿ-ವಿಎಂ95ಇ. ಹಸಿರು ಮೂತಿಯದು (ಮುಳ್ಳಿರುವ, ಕಿತ್ತು ಬದಲಿಸಬಹುದಾದ ಮುಂಭಾಗ), ಅಂಡಾಕಾರದ ಮೊನೆ, 2 ಗ್ರಾಂ ಭಾರ. ಆರ್ಟೋಫಾನಿನ 2ಎಂ ರೆಡ್ ಕೂಡ ನೋಡಿದೆ, ಒಳ್ಳೆಯದೇ. ಆದರೆ ಹಿರಿಯರ ಒಂದು ಮಾತು ಮನಸ್ಸಿಗೆ ಹಿಡಿಸಿತು: “ಇದರ ಒಡಲು ಹಾಗೇ ಇರಲಿ. ದುಡ್ಡು ಸೇರಿದಾಗ ಮೂತಿ ಮಾತ್ರ ಕಿತ್ತು ಮೇಲಿನ ದರ್ಜೆಯದನ್ನು ಸಿಕ್ಕಿಸಿ.” ಬಿಳಿ, ನೀಲಿ, ಕೆಂಪು, ಹಸಿರು, ಕೂದಲೆಳೆಯಂಥ ನಾಲ್ಕು ತಂತಿಗಳನ್ನು ಚಿಮಟದಲ್ಲಿ ಹಿಡಿದು ಅವರು ಸಿಕ್ಕಿಸುವಾಗ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಮನೆಗೆ ಬರುವಾಗ ಮೆಟ್ರೋದಲ್ಲಿ ಲೆಕ್ಕ ಹಾಕಿದೆ. ಇಂಥ ಮೊನೆಯ ಆಯುಷ್ಯ ಕಂಪನಿಯವರ ಪ್ರಕಾರ 300 ಗಂಟೆ. ನಾನು ವಾರಕ್ಕೆ ಎರಡು ಗಂಟೆ ಕೇಳಿದರೂ ವರ್ಷಕ್ಕೆ 100, ಒಂಬತ್ತು ವರ್ಷಕ್ಕೆ 900. ಅಪ್ಪ ಎಷ್ಟು ಕೇಳಿದ್ದರೋ ಅದು ಬೇರೆ. ಈ ಮುಳ್ಳಿನಲ್ಲಿ ಎಷ್ಟು ವರ್ಷ ಕೇಳಿದಿರಿ? ‘ಸ’ಕಾರ ‘ಶ’ಕಾರ ಬಂದಾಗಲೆಲ್ಲ ಹರಿದ ಬಟ್ಟೆಯಂತೆ ಕೇಳುತ್ತಿದ್ದುದನ್ನು ಪ್ಲೇಟಿನ ಮುಪ್ಪು ಎಂದುಕೊಂಡಿದ್ದೆನಲ್ಲ!

ಅಮ್ಮನಿಗೆ ಹೇಳಿದೆ. “ನಿನ್ನ ತಾತ ಒಂದೊಂದು ಪ್ಲೇಟಿಗೂ ಡಬ್ಬಿಯಿಂದ ಹೊಸ ಮುಳ್ಳು ತೆಗೆದು ಹಾಕುತ್ತಿದ್ದರು. ಹಳೆಯದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಇದರಲ್ಲಿ ಅದೇನೂ ಬೇಡವೇನೋ ಎಂದುಕೊಂಡಿದ್ದೆ” ಎಂದರು. ಆ ಕಾಲದ್ದು ಉಕ್ಕಿನ ಮುಳ್ಳು, ಬೇಗ ಸವೆಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ವಜ್ರವೆಂಬ ಹೆಸರು ಕೇಳಿ ನಾವು ಮೈಮರೆತೆವು.

ಭಾನುವಾರ ಮೊದಲು ಹಾಕಿದ್ದು ಭೀಮಸೇನ ಜೋಶಿಯವರ ದಾಸರ ಪದಗಳು. ಅಂಚಿನ ಹಾಡು ತಿಳಿಯಾಗಿ ಬಂತು. ಒಳಕ್ಕೆ ಹೋದಂತೆ ಮತ್ತೆ ಅದೇ ಒರಟು. ಅಂಚಿನಲ್ಲಿ ಸೆಕೆಂಡಿಗೆ 50 ಸೆಂಟಿಮೀಟರಿನಷ್ಟು ಓಡುವ ಗೆರೆ ನಡುವಿಗೆ ಬರುವಾಗ 20ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟೇ ನಾದವನ್ನು ಇಕ್ಕಟ್ಟಿನಲ್ಲಿ ಬರೆದಿರುವುದರಿಂದ ಸವೆದ ಮುಳ್ಳು ಕೆಡಿಸುವುದೂ ಅಲ್ಲೇ ಹೆಚ್ಚು. ಆ ಮಗ್ಗುಲಿನ ಕೊನೆಯ ಹಾಡೇ ಅಪ್ಪನಿಗೆ ಇಷ್ಟವಾದದ್ದು. ಅಪ್ಪನ ನೆನಪಾದಾಗಲೆಲ್ಲ ನಾನು ಹಾಕಿದ್ದೂ ಅದನ್ನೇ. ಯಾವ ಹೊಸ ಕಾರ್ಟ್ರಿಜ್ಜೂ ಅದನ್ನು ಮರಳಿ ತರಲಾರದು.

ಆಮೇಲೆ ನಮ್ಮ ಮನೆಯಲ್ಲಿ ಯಾರೂ ಅಷ್ಟಾಗಿ ಕೇಳದ ಒಂದು ವೀಣೆಯ ಎಲ್‌ಪಿ ಹಾಕಿದೆ. ತಂತಿಯ ಮೇಲೆ ಬೆರಳು ಜಾರುವುದೂ ಕೇಳಿಸಿತು. ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು, “ಇದು ನಮ್ಮಲ್ಲಿ ಇತ್ತೇ?” ಎಂದು ಕುಳಿತರು.

ಟರ್ನ್‌ಟೇಬಲ್ಲಿನ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ಒಂದು ಮಗ್ಗುಲಿಗೆ ಒಂದು ಗೆರೆ. ಇಪ್ಪತ್ತು ನಿಮಿಷದ ಮಗ್ಗುಲಾದರೆ 900 ಗೆರೆಗೆ ಹೊಸ ಮೂತಿ. ಈ ಹೊತ್ತಿಗೆ ಏಳು ಗೆರೆ ಆಗಿವೆ, ಅದರಲ್ಲಿ ನಾಲ್ಕು ವೀಣೆಯದು.