ಮಗ್ಗಿ ಹೇಳಿಕೊಂಡೇ ಡಾಕ್ಟರ್ ಪರೀಕ್ಷೆ ಬರೆದೆ

ಎಂಟನೇ ಕ್ಲಾಸಿನಲ್ಲಿ ವಿಜ್ಞಾನದ ಮೇಷ್ಟ್ರು ಒಂದು ದಿನ ಪುಸ್ತಕ ತೆಗೆಯಲೇ ಬಿಡಲಿಲ್ಲ. ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿ ಎರಡು ಸುತ್ತು ಓಡಿಸಿದರು. ಆಮೇಲೆ ಪಕ್ಕದವರ ಮಣಿಕಟ್ಟು ಹಿಡಿದು ನಾಡಿ ಎಣಿಸಿ ಅಂದರು. ನನಗೆ ಸಿಗಲೇ ಇಲ್ಲ. ಒತ್ತಿ ಒತ್ತಿ ಬೆರಳು ನೋವು ಬಂತು, ಪಾಪ ಆ ಹುಡುಗಿಯ ಕೈ ಕೆಂಪಾಯಿತು. ಮೇಷ್ಟ್ರು ಬಂದು ನನ್ನ ಬೆರಳು ಸ್ವಲ್ಪ ಸಡಿಲ ಮಾಡಿ, "ಒತ್ತಬೇಡಮ್ಮ, ಸುಮ್ನೆ ಇಟ್ಟುಕೋ, ಅದೇ ಬಂದು ಬೆರಳಿಗೆ ಬಡಿಯುತ್ತೆ" ಅಂದರು. ಬಡಿಯಿತು!

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡು ಅಂತ ಗೆಳತಿ ಫೋನ್ ಮಾಡಿದಾಗ ಮೊದಲು ನೆನಪಾಗಿದ್ದು ಇದೇ. ನಾನು ಅಮೆರಿಕದಲ್ಲಿ ಡಾಕ್ಟರ್ ಲೈಸೆನ್ಸಿನ ಪರೀಕ್ಷೆಗೆ ಓದಿದ ದಿನಗಳನ್ನು ಹೇಳಬೇಕೆಂದರೆ ಈ ಮೈದಾನದಿಂದಲೇ ಶುರು ಮಾಡಬೇಕು.

ಎಸ್ಸೆಸ್ಸೆಲ್ಸಿ ಮುಗಿದದ್ದು 2011ರಲ್ಲಿ. ಅದೇ ವರ್ಷ ಅಪ್ಪನ ಕೆಲಸದ ಸಲುವಾಗಿ ನಾವು ಅರಸೀಕೆರೆ ಬಿಟ್ಟು ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಗೆ ಹೋದೆವು. ಅಲ್ಲಿ ನಮ್ಮ ಹಾಗೆ ಪಿಯುಸಿ ಆದ ತಕ್ಷಣ ಮೆಡಿಕಲ್ ಸೇರುವುದಿಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ಮೆಡಿಕಲ್. ನಾನು 2019ರಲ್ಲಿ ಸೇರಿದೆ. ಸೇರಿದ್ದು ಆಸ್ಟಿಯೋಪತಿ ಕಾಲೇಜಿಗೆ.

ಊರಿಗೆ ಫೋನ್ ಮಾಡಿ ಹೇಳಿದರೆ ಎಲ್ಲರೂ ಕೇಳಿದ್ದು "ಮೂಳೆ ಡಾಕ್ಟ್ರಾ?" ಅಂತ. ನಮ್ಮ ಸೋದರಮಾವ "ಪುತ್ತೂರು ಕಟ್ಟು ಥರಾನಾ?" ಅಂದರು. ಎರಡೂ ಅಲ್ಲ. ಅಮೆರಿಕದಲ್ಲಿ ಪೂರ್ತಿ ಡಾಕ್ಟರ್ ಆಗುವುದಕ್ಕೆ ಎರಡು ದಾರಿ ಇದೆ, ಎಂ.ಡಿ. ಮತ್ತು ಡಿ.ಓ. (ಆಸ್ಟಿಯೋಪತಿ ಕಾಲೇಜಿನಲ್ಲಿ ಸಿಗುವ ಪದವಿ). ಡಿ.ಓ. ಓದಿದವರು ಐವತ್ತೂ ರಾಜ್ಯಗಳಲ್ಲಿ ಔಷಧಿ ಬರೆಯಬಹುದು, ಆಪರೇಶನ್ ಮಾಡಬಹುದು. ಈಗ ಅಲ್ಲಿನ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಡಿ.ಓ. ಓದುವವರು. ಉಳಿದ ಎಲ್ಲಾ ಪಾಠದ ಜೊತೆಗೆ ಬೆನ್ನು, ಪಕ್ಕೆಲುಬು, ಸೊಂಟ, ಕತ್ತು ಇವನ್ನು ಕೈಯಿಂದ ಮುಟ್ಟಿ ನೋಡುವುದು, ಕೈಯಿಂದಲೇ ಸರಿಪಡಿಸುವುದು ನಮಗೆ ಹೆಚ್ಚಿನ ವಿಷಯ.

ಆದರೂ ಮಾವನ ಮಾತು ಪೂರ್ತಿ ತಪ್ಪೇನಲ್ಲ. ಇದನ್ನು ಶುರು ಮಾಡಿದ ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನುವ ಡಾಕ್ಟರ್ ಒಂದು ಕಾಲದಲ್ಲಿ ಮಿಂಚಿನ ಹಾಗೆ ಮೂಳೆ ಕೂರಿಸುವವನು ಅಂತಲೇ ಪ್ರಚಾರ ಮಾಡಿಕೊಂಡು ಊರೂರು ತಿರುಗಿದವರು. 1864ರಲ್ಲಿ ಮೆನಿಂಜೈಟಿಸ್ ಬಂದು ಅವರ ಮನೆಯ ಮೂವರು ಮಕ್ಕಳು ತೀರಿಕೊಂಡರು. ಸ್ವತಃ ಡಾಕ್ಟರ್ ಆಗಿದ್ದೂ ಏನೂ ಮಾಡಲು ಆಗಲಿಲ್ಲ. ಆ ಕಾಲದ ಔಷಧಿಗಳ ಮೇಲೆ ಅವರಿಗೆ ನಂಬಿಕೆಯೇ ಹೋಯಿತು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಅನ್ನುವ ಸಣ್ಣ ಊರಿನಲ್ಲಿ ತಮ್ಮದೇ ಶಾಲೆ ತೆರೆದರು. ಆ ಮೊದಲ ಶಾಲೆಯ ಪುಟ್ಟ ಕಟ್ಟಡವನ್ನು, ಸ್ಟಿಲ್ ಹುಟ್ಟಿದ ಮರದ ದಿಮ್ಮಿಗಳ ಮನೆಯನ್ನು ಅಲ್ಲಿನ ಮ್ಯೂಸಿಯಂನಲ್ಲಿ ಈಗಲೂ ಇಟ್ಟಿದ್ದಾರೆ. ನಮ್ಮ ಮನೆಯಿಂದ ಸುಮಾರು ಮೂರು ಗಂಟೆ ದಾರಿ. ಒಂದು ಭಾನುವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅಮ್ಮ ಆ ಮನೆಯ ಮುಂದೆ ತುಂಬಾ ಹೊತ್ತು ನಿಂತಿದ್ದಳು. "ಮೂರು ಮಕ್ಕಳು" ಅಂತ ಅಷ್ಟೇ ಹೇಳಿದಳು.

ಈಗ ಪರೀಕ್ಷೆಗೆ ಬರುತ್ತೇನೆ. ಡಿ.ಓ. ವಿದ್ಯಾರ್ಥಿಗಳು ಬರೆಯಬೇಕಾದ್ದು ಕಾಮ್ಲೆಕ್ಸ್. ಮೂರು ಹಂತ ಇರುತ್ತದೆ. ಮೊದಲನೆಯದು ಎರಡನೇ ವರ್ಷ ಮುಗಿದ ಮೇಲೆ, ನಾನು ಬರೆದಾಗ ಒಂದೇ ದಿನದಲ್ಲಿ 352 ಪ್ರಶ್ನೆ, ಎಂಟು ಗಂಟೆ ಇತ್ತು. ಎಂ.ಡಿ. ಓದುವವರಿಗೆ ಯುಎಸ್‌ಎಂಎಲ್‌ಇ ಅನ್ನುವ ಬೇರೆ ಪರೀಕ್ಷೆ. ಲೈಸೆನ್ಸಿಗೆ ನಮಗೆ ಕಾಮ್ಲೆಕ್ಸ್ ಒಂದೇ ಸಾಕು. ಆದರೆ ಮುಂದೆ ರೆಸಿಡೆನ್ಸಿ, ಅಂದರೆ ಡಿಗ್ರಿ ಆದ ಮೇಲೆ ಆಸ್ಪತ್ರೆಯಲ್ಲಿ ಮಾಡುವ ತರಬೇತಿ ಬೇಕಲ್ವಾ, ಕೆಲವು ಕಡೆ ಯುಎಸ್‌ಎಂಎಲ್‌ಇ ಅಂಕ ಇಲ್ಲದಿದ್ದರೆ ಅರ್ಜಿಯನ್ನೇ ಪಕ್ಕಕ್ಕಿಡುತ್ತಾರೆ ಅನ್ನುವ ಭಯ. ಹಾಗಾಗಿ ನಮ್ಮಲ್ಲಿ ಬಹಳ ಜನ ಎರಡನ್ನೂ ಬರೆಯುತ್ತಾರೆ. ಒಂದೇ ಓದನ್ನು ಎರಡು ಸಲ ಸಾಬೀತು ಮಾಡಬೇಕು, ಎರಡು ಸಲ ಫೀಸು ಕಟ್ಟಬೇಕು. ಇದು ನ್ಯಾಯ ಅಲ್ಲ ಅಂತ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. 2020ರಲ್ಲಿ ಎರಡೂ ಕಡೆಯ ರೆಸಿಡೆನ್ಸಿಗಳು ಒಂದೇ ವ್ಯವಸ್ಥೆಗೆ ಬಂದವು. ಪರೀಕ್ಷೆ ಮಾತ್ರ ಎರಡಾಗಿಯೇ ಉಳಿಯಿತು.

ನಮ್ಮ ಬ್ಯಾಚಿಗೆ ಇನ್ನೊಂದು ಕಷ್ಟ ಇತ್ತು. 2022ರಿಂದ ಎರಡೂ ಪರೀಕ್ಷೆಗಳ ಮೊದಲ ಹಂತಕ್ಕೆ ಅಂಕ ಇಲ್ಲ, ಬರೀ ಪಾಸು ಅಥವಾ ಫೇಲು. ನಾನು ಬರೆದದ್ದು 2021ರ ಜೂನ್‌ನಲ್ಲಿ. ಆ ಒಂದು ನಂಬರ್ ನಮ್ಮ ಹಿಂದೆಯೇ ಬರುತ್ತದೆ ಅನ್ನುವ ಹೆದರಿಕೆಯಲ್ಲಿ ಓದಿದ ಕೊನೆಯ ಬ್ಯಾಚುಗಳಲ್ಲಿ ನಮ್ಮದೂ ಒಂದು.

ಅದರ ಮೇಲೆ ಕೊರೊನಾ. 2020ರ ಮಾರ್ಚ್‌ನಲ್ಲಿ ಎಲ್ಲರನ್ನೂ ಮನೆಗೆ ಕಳಿಸಿದರು. ಬೇರೆ ಪಾಠ ಕಂಪ್ಯೂಟರಿನಲ್ಲಿ ಕೇಳಬಹುದು, ಮುಟ್ಟಿ ಕಲಿಯುವ ವಿದ್ಯೆಯನ್ನು ಹೇಗೆ ಕೇಳುವುದು? ವಿಡಿಯೋದಲ್ಲಿ ಮೇಡಂ ಯಾರದೋ ಬೆನ್ನು ಮುಟ್ಟಿ "ಇಲ್ಲಿ ಬಿಗಿ ಇದೆ ನೋಡಿ" ಅನ್ನುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಬೆನ್ನು ಮಾತ್ರ.

ನಾನು ಆ ಭಾಗವನ್ನು ಹಿಂದಕ್ಕೆ ತಳ್ಳುತ್ತಾ ಬಂದೆ. ಮುಂದಿನ ವರ್ಷ ಪೂರ್ತಿ ಯುವರ್ಲ್ಡ್ ಅನ್ನುವ ಪ್ರಶ್ನೆಸಂಗ್ರಹದ ಪ್ರಶ್ನೆಗಳು, ಆಂಕಿ ಅನ್ನುವ ಆ್ಯಪಿನಲ್ಲಿ ನೆನಪಿಗೆ ಓದುವ ಕಾರ್ಡುಗಳು, ಮತ್ತೆ ಪ್ರಶ್ನೆಗಳು. ಏಪ್ರಿಲ್‌ನಲ್ಲಿ ಕಾಲೇಜಿನವರು ಕಾಮ್ಲೆಕ್ಸಿನ ಅಣಕು ಪರೀಕ್ಷೆ ಇಟ್ಟರು. ನಿಜವಾದ ಪರೀಕ್ಷೆಯಲ್ಲಿ ಪಾಸಾಗಲು 400 ಬೇಕಿತ್ತು. ನನಗೆ ಬಂದದ್ದು 372. ನಿಗದಿ ಮಾಡಿದಷ್ಟು ಅಂಕ ಬರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಮೂರನೇ ವರ್ಷದ ಆಸ್ಪತ್ರೆ ಕೆಲಸವೂ ಮುಂದಕ್ಕೆ ಹೋಗುತ್ತದೆ ಅಂತ ಮೇಲ್ ಬಂತು. ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಶಾಲೆಯಲ್ಲಿ ಯಾವತ್ತೂ ಫೇಲಾದವಳಲ್ಲ ನಾನು. ಅಳು ಬಂದದ್ದು ನಂಬರ್ ನೋಡಿ ಅಲ್ಲ, ಯಾವ ವಿಷಯದಲ್ಲಿ ಹೋಯಿತು ಅಂತ ನೋಡಿದಾಗ. ಕೈಯಲ್ಲಿ ಕಲಿಯಬೇಕಾದ್ದನ್ನು ಕಣ್ಣಲ್ಲಿ ಓದಿ ಮುಗಿಸಲು ಹೋಗಿದ್ದೆ.

ಮೂರನೇ ದಿನ ಅಮ್ಮನನ್ನು ಚಾಪೆಯ ಮೇಲೆ ಬೋರಲು ಮಲಗಿಸಿದೆ.

ಅಲ್ಲಿಂದ ಎರಡು ತಿಂಗಳು ನಮ್ಮ ಮನೆಯ ಹಾಲ್ ನನ್ನ ಲ್ಯಾಬ್ ಆಯಿತು. ದಿನಾ ರಾತ್ರಿ ಊಟ ಆದ ಮೇಲೆ ಅಮ್ಮನ ಬೆನ್ನುಮೂಳೆಯ ಒಂದೊಂದು ಗಂಟನ್ನೂ ಎಣಿಸುತ್ತಾ ಕೆಳಗೆ ಬರುವುದು, ಅಪ್ಪನ ಪಕ್ಕೆಲುಬು ಉಸಿರಿಗೆ ಹೇಗೆ ಏಳುತ್ತದೆ ನೋಡುವುದು. ಕತ್ತಿಗೆ ಲಟಿಕೆ ತೆಗೆಯುವ ಥರದ ಚಿಕಿತ್ಸೆ ಮಾತ್ರ ಮನೆಯಲ್ಲಿ ಮಾಡಲಿಲ್ಲ. ಕತ್ತಿನಲ್ಲಿ ಮಿದುಳಿಗೆ ಹೋಗುವ ರಕ್ತನಾಳ ಇರುತ್ತದೆ, ನೋಡಿಕೊಳ್ಳುವವರು ಇಲ್ಲದೆ ಅದಕ್ಕೆ ಕೈ ಹಾಕಬಾರದು. (ಕಟಿಂಗ್ ಶಾಪಿನಲ್ಲಿ ತಲೆ ಮಾಲಿಶ್ ಮಾಡಿ ಕತ್ತು ತಿರುಗಿಸುತ್ತಾರಲ್ಲ, ದಯವಿಟ್ಟು ಬೇಡ ಅನ್ನಿ.) ನಮ್ಮಲ್ಲಿ ಒಂದು ಹಳೆಯ ಅಭ್ಯಾಸ ಇದೆ: ಪುಸ್ತಕದ ಹಾಳೆಯ ಕೆಳಗೆ ಒಂದು ತಲೆಕೂದಲು ಇಟ್ಟು ಮೇಲಿಂದ ಬೆರಳಲ್ಲಿ ಹುಡುಕುವುದು, ಸಿಕ್ಕಿದರೆ ಇನ್ನೊಂದು ಹಾಳೆ ಮುಚ್ಚುವುದು. ಅಮ್ಮನ ಉದ್ದ ಕೂದಲು ಒಂದನ್ನು ಇಟ್ಟುಕೊಂಡು ಶುರು ಮಾಡಿದೆ. ಮೊದಲ ದಿನ ಎರಡು ಹಾಳೆಗೇ ಕಳೆದುಹೋಯಿತು. ಆಗ ಮೇಷ್ಟ್ರ ಮಾತು ನೆನಪಾಯಿತು. ಒತ್ತಬೇಡ, ಸುಮ್ನೆ ಇಟ್ಟುಕೋ. ಬೆರಳು ಹಗುರ ಮಾಡಿದಷ್ಟೂ ಕೂದಲು ಸಿಗುತ್ತಾ ಹೋಯಿತು.

ಚಾಪ್‌ಮನ್ ಪಾಯಿಂಟ್ ಅಂತ ಇನ್ನೊಂದು ವಿಷಯ. ಒಳಗಿನ ಅಂಗಕ್ಕೆ ತೊಂದರೆ ಆದಾಗ ಚರ್ಮದ ಕೆಳಗೆ ಕೆಲವು ನಿರ್ದಿಷ್ಟ ಜಾಗಗಳಲ್ಲಿ ಎರಡು ಮೂರು ಮಿಲಿಮೀಟರಿನ ಸಣ್ಣ ಗಂಟು ಸಿಗುತ್ತದೆ ಅಂತ ನಮಗೆ ಕಲಿಸುತ್ತಾರೆ. ಪುಸ್ತಕದ ವರ್ಣನೆ ಎಷ್ಟು ಓದಿದರೂ ಮನಸ್ಸಿಗೆ ಹತ್ತಲಿಲ್ಲ. ಅಮ್ಮ ನೆನೆಸಿಟ್ಟ ಸಾಬಕ್ಕಿ ಒಂದು ಕಾಳನ್ನು ಬಟ್ಟೆಯ ಕೆಳಗಿಟ್ಟು ಮುಟ್ಟಿದಾಗ ಹತ್ತಿತು. ಇನ್ನು ಸೇಕ್ರಮ್, ಅಂದರೆ ಬೆನ್ನುಮೂಳೆಯ ಬುಡದ ತ್ರಿಕೋನದ ಮೂಳೆ. ಅದು ಓರೆಯಾಗಿ ಹೇಗೆ ತಿರುಗುತ್ತದೆ ಅನ್ನುವುದು ನಮ್ಮ ಇಡೀ ಕ್ಲಾಸನ್ನು ಕಾಡಿದ ಪಾಠ. ಊರಿಂದ ತಂದ ಪುಟ್ಟ ಮೊರ ಇತ್ತು. ಅಗಲ ಇರುವ ಕಡೆ ಮೇಲೆ ಮಾಡಿ ಎರಡು ಎದುರು ಮೂಲೆ ಹಿಡಿದು ತಿರುಗಿಸಿದರೆ ಓರೆ ಅಕ್ಷ ಅಂದರೆ ಏನು ಅಂತ ಕಣ್ಣಿಗೇ ಕಾಣುತ್ತದೆ. ಸೊಂಟದ ಐದನೇ ಮೂಳೆ ಒಂದು ಕಡೆ ತಿರುಗಿದರೆ ಸೇಕ್ರಮ್ ಅದರ ಎದುರು ಕಡೆಗೆ. ಕ್ಲಾಸಿನ ಮೂವರು ಗೆಳೆಯರಿಗೆ ವಿಡಿಯೋ ಕಾಲ್‌ನಲ್ಲಿ ಮೊರ ಹಿಡಿದೇ ಹೇಳಿಕೊಟ್ಟೆ. ಅವರಲ್ಲಿ ಒಬ್ಬಳು ಈಗಲೂ ಅದನ್ನು ಮೊರ ಅಂತಲೇ ಕರೆಯುತ್ತಾಳೆ.

ಬಾಯಿಪಾಠ ಮಾಡಲೇಬೇಕಾದ್ದು ಕೂಡ ಇತ್ತು. ಯಾವ ಅಂಗಕ್ಕೆ ಬೆನ್ನುಮೂಳೆಯ ಯಾವ ಮಟ್ಟದಿಂದ ನರ ಅನ್ನುವ ಪಟ್ಟಿ. ಅದರಲ್ಲಿ ಟಿ ಅಂದರೆ ಬೆನ್ನುಮೂಳೆಯ ಎದೆಯ ಭಾಗ, ಮೇಲಿನಿಂದ ಎಣಿಸುವುದು. ಕಾರ್ಡಿನಲ್ಲಿ ಓದಿದರೆ ಸಂಜೆಗೆ ಮರೆತುಹೋಗುತ್ತಿತ್ತು. ಕೊನೆಗೆ ನಮ್ಮ ಶಾಲೆಯಲ್ಲಿ ಸಂಜೆ ಎಲ್ಲರೂ ಸಾಲಾಗಿ ನಿಂತು ಮಗ್ಗಿ ಹೇಳುತ್ತಿದ್ದೆವಲ್ಲ, ಅದೇ ರಾಗಕ್ಕೆ ಹಾಕಿದೆ. ಹೃದಯಕ್ಕೆ ಟಿ ಒಂದರಿಂದ ಐದು, ಶ್ವಾಸಕೋಶಕ್ಕೆ ಟಿ ಎರಡರಿಂದ ಏಳು, ಹೊಟ್ಟೆಗೆ ಟಿ ಐದರಿಂದ ಒಂಬತ್ತು, ಕಿಡ್ನಿಗೆ ಟಿ ಹತ್ತು ಹನ್ನೊಂದು. ಹೇಳುತ್ತಾ ಹೇಳುತ್ತಾ ನನ್ನ ಬೆನ್ನಿನ ಅದೇ ಜಾಗ ಮುಟ್ಟಿಕೊಳ್ಳುವುದು. ಮಗ್ಗಿ ಬಾಯಿಪಾಠ ಮಾಡಿಸುವುದು ಹಳೇ ಕಾಲದ್ದು ಅಂತ ಈಗ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅರ್ಥ ಗೊತ್ತಿದ್ದು ಬಾಯಿಗೆ ಬಂದರೆ ಅದರಂಥ ಆಸ್ತಿ ಇಲ್ಲ. ಒಂದು ದಿನ ನಾನು ಅಪೆಂಡಿಕ್ಸ್ ಹತ್ತಿರ ತಡವರಿಸಿದಾಗ ಅಡುಗೆಮನೆಯಿಂದ ಅಮ್ಮ "ಟಿ ಹನ್ನೆರಡು ಅಲ್ವೇನೇ?" ಅಂದಳು. ಕೇಳಿ ಕೇಳಿ ಅವಳಿಗೂ ಬಂದಿತ್ತು.

ಮೇ ಕೊನೆಯ ಅಣಕು ಪರೀಕ್ಷೆಯಲ್ಲಿ 498 ಬಂತು, ಕೂರಲು ಒಪ್ಪಿಗೆ ಸಿಕ್ಕಿತು. ಯುಎಸ್‌ಎಂಎಲ್‌ಇ ಮೊದಲು ಬರೆದೆ, ಎಂಟು ದಿನ ಬಿಟ್ಟು ಕಾಮ್ಲೆಕ್ಸ್. ಪರೀಕ್ಷಾ ಕೇಂದ್ರದಲ್ಲಿ ಜೇಬು ಹೊರಗೆ ಮಾಡಿ ತೋರಿಸಬೇಕು, ಕನ್ನಡಕ ಕೊಟ್ಟು ಪರೀಕ್ಷಿಸಿಕೊಳ್ಳಬೇಕು, ಎಲ್ಲಾ ಸಾಮಾನು ಲಾಕರಿಗೆ. ಅಮ್ಮ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿಯೂ ಅದರಲ್ಲೇ. ಮುಖಕ್ಕೆ ಮಾಸ್ಕ್ ಬೇರೆ. ಪ್ರಶ್ನೆಗಳು ಏನಿದ್ದವು ಅಂತ ಹೇಳುವ ಹಾಗಿಲ್ಲ, ಹಾಗಂತ ಒಪ್ಪಿಕೊಂಡೇ ಕೂತಿರುತ್ತೇವೆ. ಯುಎಸ್‌ಎಂಎಲ್‌ಇ ಪ್ರಶ್ನೆ ಉದ್ದ, ಕಾಮ್ಲೆಕ್ಸಿನದು ಚಿಕ್ಕದು, ಆದರೆ ಏನು ಕೇಳುತ್ತಿದ್ದಾರೆ ಅಂತ ಹಿಡಿಯುವುದೇ ಕಷ್ಟ, ಅಷ್ಟು ಹೇಳಬಹುದು. ಊಟದ ನಂತರ ಒಂದು ಕಡೆ ತಲೆ ಪೂರ್ತಿ ಖಾಲಿಯಾಯಿತು. ಕಣ್ಣು ಮುಚ್ಚಿ ತುಟಿಯಲ್ಲೇ ಮಗ್ಗಿ ಶುರು ಮಾಡಿದೆ, ಕೈ ತಾನೇ ಪಕ್ಕೆಲುಬಿಗೆ ಹೋಯಿತು. ಪಕ್ಕದ ಸಾಲಿನ ಹುಡುಗನೂ ತನ್ನ ಸೊಂಟ ಮುಟ್ಟಿಕೊಳ್ಳುತ್ತಿದ್ದ. ಅವನೂ ನಮ್ಮವನೇ ಅಂತ ಗೊತ್ತಾಯಿತು, ಯಾಕೋ ಧೈರ್ಯ ಬಂತು.

ಎರಡೂ ಪಾಸಾಯಿತು. ಕಾಮ್ಲೆಕ್ಸಿನಲ್ಲಿ 541. ಆಮೇಲೂ ಒಂದು ರೆಸಿಡೆನ್ಸಿಯವರು ಡಿ.ಓ. ಗಳನ್ನು ನಾವು ತೆಗೆದುಕೊಳ್ಳುವುದು ಕಡಿಮೆ ಅಂತ ಫೋನಿನಲ್ಲೇ ಹೇಳಿದರು. ಎರಡು ಪರೀಕ್ಷೆ ಬರೆದದ್ದು ಅವರಿಗೆ ಸಾಲಲಿಲ್ಲ. ಇರಲಿ. 2023ರ ಮಾರ್ಚ್ 17ಕ್ಕೆ ಮ್ಯಾಚ್, ಅಂದರೆ ಯಾರಿಗೆ ಯಾವ ರೆಸಿಡೆನ್ಸಿ ಅನ್ನುವ ಫಲಿತಾಂಶ ಬಂತು, ನನಗೆ ಬೇಕಾಗಿದ್ದ ಫ್ಯಾಮಿಲಿ ಮೆಡಿಸಿನ್ನೇ ಸಿಕ್ಕಿತು. ಮೊದಲ ವರ್ಷದಲ್ಲೇ ಮೂರನೇ ಹಂತವನ್ನೂ ಬರೆದು ಮುಗಿಸಿದೆ, ಆಗ ಅದು ಎರಡು ದಿನದ ಪರೀಕ್ಷೆಯಾಗಿತ್ತು. ರೆಸಿಡೆನ್ಸಿಗೆ ನಾನು ಸೇರಿದ್ದು ಸುತ್ತ ಜೋಳದ ಹೊಲ ಇರುವ ಊರಿನಲ್ಲಿ. ಟ್ರ್ಯಾಕ್ಟರ್ ಓಡಿಸಿ ಬೆನ್ನು ಹಿಡಿದುಕೊಂಡು ಬರುವ ರೈತರೇ ಜಾಸ್ತಿ. ಜೊತೆಗೆ ಬರುವ ವಿದ್ಯಾರ್ಥಿಗಳಿಗೆ ಮೊದಲ ದಿನ ನಾನು ಪುಸ್ತಕ ತೆಗೆಸುವುದಿಲ್ಲ. ಕೂದಲು ಕೊಡುತ್ತೇನೆ, ಹಾಳೆ ಕೊಡುತ್ತೇನೆ.

ಮೇಷ್ಟ್ರು ನಿವೃತ್ತರಾಗಿ ಈಗಲೂ ಶಾಲೆಯ ಹಿಂದಿನ ಬೀದಿಯಲ್ಲೇ ಇದ್ದಾರೆ, ಕಣ್ಣು ಸರಿಯಾಗಿ ಕಾಣುವುದಿಲ್ಲ ಅಂತ ಗೆಳತಿ ಹೇಳಿದಳು. ಈ ಸಂಚಿಕೆ ಬಂದ ಮೇಲೆ ಎಂಟನೇ ಕ್ಲಾಸಿನ ಯಾರಾದರೂ ಒಬ್ಬರು ಅವರ ಮನೆಗೆ ಹೋಗಿ ಇದನ್ನು ಓದಿ ಹೇಳುತ್ತೀರಾ? ಸ್ವಲ್ಪ ಗಟ್ಟಿಯಾಗಿ ಓದಿ.