ಅದು ಕೂರಲಿ, ನಾನು ನಿಂತ್ಕೋತೀನಿ

ಮಂಗಳವಾರ ಬೆಳಿಗ್ಗೆ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಅಕ್ಕನ ಮಗಳು ಕಂಡಕ್ಟರಿಗೆ ಹೇಳಿದ ಮಾತಿದು. ಅವಳ ಬೆನ್ನ ಮೇಲೆ ಚೆಲ್ಲೊ ಎಂಬ ಪಿಟೀಲಿನ ಜಾತಿಯ ದೊಡ್ಡ ವಾದ್ಯ, ತಲೆಗಿಂತ ಒಂದು ಗೇಣು ಮೇಲೆದ್ದು ಕಾಣುವ ಪೆಟ್ಟಿಗೆ. "ಡಿಕ್ಕಿಗೆ ಹಾಕಮ್ಮ" ಅಂದರು ಅವರು. "ಆಗಲ್ಲ ಅಣ್ಣ, ತೆಳು ಮರ, ಒಡೆದುಹೋಗುತ್ತೆ. ಅದು ಕೂರಲಿ, ನಾನು ನಿಂತ್ಕೋತೀನಿ."

ಜಗಳದ ದನಿಯಲ್ಲ, ಬೇಡುವ ದನಿಯೂ ಅಲ್ಲ. ಕಂಡಕ್ಟರ್ ಒಳ್ಳೆಯ ಮನುಷ್ಯ, ತಾವೇ ಪೆಟ್ಟಿಗೆ ಹಿಡಿದು ಕಿಟಕಿ ಪಕ್ಕ ಕೂರಿಸಿದರು. ನನಗೆ ಮಂಡಿನೋವು ಅಂತ ಅವಳು ನನ್ನನ್ನು ಏಳಲು ಬಿಡಲಿಲ್ಲ. ಸುಂಟಿಕೊಪ್ಪ ದಾಟಿ ಆನೆಕಾಡಿನ ತಿರುವುಗಳಲ್ಲಿ ಒಂದು ಕೈ ಕಂಬಿಗೆ, ಇನ್ನೊಂದು ಪೆಟ್ಟಿಗೆಯ ಮೇಲೆ. ಹುಣಸೂರಿನವರೆಗೂ ಹಾಗೇ.

ಮೈಸೂರಿಗೆ ಹೊರಟಿದ್ದು ಮಳೆಯ ದೆಸೆಯಿಂದ. ಹೊರದೇಶದ ಸಂಗೀತ ಕಾಲೇಜುಗಳು ಮೊದಲು ವಿಡಿಯೊ ಕೇಳುತ್ತವೆ. ಒಂದು ಭಾಗವನ್ನು ಶುರುವಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ನುಡಿಸಬೇಕು, ನಡುವೆ ಕತ್ತರಿಸಿ ಅಂಟಿಸುವಂತಿಲ್ಲ. ನಮ್ಮ ಮನೆಯದು ಶೀಟಿನ ಮಾಡು. ಜುಲೈಯಲ್ಲಿ ಅದರ ಕೆಳಗೆ ಜರ್ಮನಿಯ ಹಳೆಯ ಸಂಗೀತ ರಚನೆಕಾರ ಬಾಖ್ ಬರೆದದ್ದನ್ನು ನುಡಿಸಿದರೆ ಕೇಳುವುದು ಮಳೆ ಮಾತ್ರ.

ಆ ಬಾಖ್‌ನ ಚೆಲ್ಲೊಗೆಂದೇ ಬರೆದ, ನೃತ್ಯಲಯದ ತುಣುಕುಗಳ ಸರಣಿಗಳಾದ ಆರು ಸ್ವೀಟ್‌ಗಳ ಮುದ್ರಿತ ಪ್ರತಿ ಮುಂದೆ ಜಗತ್ಪ್ರಸಿದ್ಧ ಚೆಲ್ಲೊ ವಾದಕರಾದ ಪಾಬ್ಲೊ ಕಸಾಲ್ಸ್‌ಗೆ ಬಾರ್ಸಿಲೋನಾದ ಅಂಗಡಿಯೊಂದರಲ್ಲಿ ಸಿಕ್ಕಿದಾಗ ಅವರಿಗೆ 13 ವರ್ಷ. ಜನರೆದುರು ನುಡಿಸುವ ಧೈರ್ಯ ಬರಲು ಇನ್ನೂ 12 ವರ್ಷ ಹಿಡಿಯಿತಂತೆ. ಇದನ್ನು ನನಗೆ ಹೇಳಿದ್ದು ಅವಳೇ.

ಭಾವನಿಗೂ ಹೇಳಿದ್ದಾಳೆ. ಭಾವ ಸೈನ್ಯದಿಂದ ನಿವೃತ್ತರಾದವರು, ಪ್ರೀತಿಯ ಮನುಷ್ಯ, ಆದರೆ ಈ ವಿಷಯದಲ್ಲಿ ಹಟಮಾರಿ. "ಎಂಟನೇ ಗ್ರೇಡ್ ಮುಗೀತಲ್ಲ, ಇನ್ನೇನು ಕಲಿಯೋದಿದೆ?" ಎನ್ನುತ್ತಾರೆ. ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗಳಲ್ಲಿ ಎಂಟನೆಯದೇ ಕೊನೆಯದು, ಆ ಮಟ್ಟ ಮುಟ್ಟಿದವರಿಗೇ ಈ ಕಾಲೇಜುಗಳ ಬಾಗಿಲ ಹತ್ತಿರ ಹೋಗಲು ಸಾಧ್ಯ. ಅಲ್ಲಿಂದ ನಾಲ್ಕು ವರ್ಷ ಪದವಿ, ಆಮೇಲೆ ದೊಡ್ಡ ವಾದ್ಯವೃಂದಗಳ, ಅಂದರೆ ಆರ್ಕೆಸ್ಟ್ರಾ ಆಡಿಷನ್‌ಗಳು. ನಮ್ಮ ದೇಶದಲ್ಲಿ ಹೆಸರಿಸುವಂಥದ್ದೆಂದರೆ ಮುಂಬೈಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ, ಅದು ಶುರುವಾದದ್ದೇ 2006ರಲ್ಲಿ. ಉಳಿದಂತೆ ಸ್ಟುಡಿಯೊ ರೆಕಾರ್ಡಿಂಗ್, ಮಕ್ಕಳಿಗೆ ಪಾಠ. ದಾರಿ ಕಿರಿದು ಎಂಬುದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು.

ಆದರೂ ನನಗೆ ಸಿಟ್ಟು ಬರುತ್ತದೆ. ಈ ಊರಲ್ಲಿ ಹುಡುಗನೊಬ್ಬ ಸೈನ್ಯಾಧಿಕಾರಿ ಆಯ್ಕೆಯ ಸಂದರ್ಶನ ಎಸ್‌ಎಸ್‌ಬಿಗೆ ಮೂರನೇ ಸಲ ಹೊರಟರೂ ನೆಂಟರು ಬೆನ್ನು ತಟ್ಟುತ್ತಾರೆ. ಹಾಕಿ ಸ್ಟಿಕ್ ಹಿಡಿದು ಹತ್ತು ವರ್ಷ ಮೈದಾನದಲ್ಲಿ ಕಳೆದವನನ್ನು ಯಾರೂ ಹೊಟ್ಟೆಪಾಡು ಕೇಳುವುದಿಲ್ಲ. ಕಾಫಿ ಗಿಡ ನೆಟ್ಟು ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯುವ ಜನ ನಾವು! ಹತ್ತೊಂಬತ್ತು ವರ್ಷದ ಹುಡುಗಿಗೆ ಮಾತ್ರ ನಾಳೆಯೇ ಸಂಬಳದ ಚೀಟಿ ತೋರಿಸು ಅನ್ನುತ್ತೇವೆ.

ಬಸ್ಸಲ್ಲಿ ಅವಳು ಒಂದು ಸಲವೂ ಕಾಲು ನೋವೆನ್ನಲಿಲ್ಲ. ಅದು ಕೂರಲಿ, ನಾನು ನಿಂತ್ಕೋತೀನಿ. ಅಡುಗೆ ಮಾಡುವಾಗ, ರಾತ್ರಿ ಎಚ್ಚರವಾದಾಗ ಅದೇ ಮಾತು ಕಿವಿಯಲ್ಲಿ.

ಮೈಸೂರಿನ ಗೆಳತಿಯ ಮನೆಯಲ್ಲಿ ಐದನೇ ಸಲಕ್ಕೆ ರೆಕಾರ್ಡಿಂಗ್ ಅವಳ ಮನಸ್ಸಿಗೆ ಬಂತು. ಗುರುವಾರ ವಾಪಸ್ಸು. ಮಳೆಗಾಲದ ತೇವಕ್ಕೆ ಚೆಲ್ಲೊದ ಮರ ಉಬ್ಬುತ್ತದೆ, ಒಲೆ ಹತ್ತಿರ ಇಟ್ಟರೆ ಬಿರಿಯುತ್ತದೆ. ನಿನ್ನೆ ಸಂಜೆ ಹೋದರೆ ಭಾವ ಅಟ್ಟದಿಂದ ಹಳೆಯ ಶೂ ಡಬ್ಬಗಳನ್ನೆಲ್ಲ ಇಳಿಸಿ, ಅವುಗಳೊಳಗಿನ ಸಿಲಿಕಾ ಜೆಲ್ ಪೊಟ್ಟಣ ಆರಿಸುತ್ತಾ ಕೂತಿದ್ದರು. "ಇಷ್ಟು ಸಾಕಾಗುತ್ತಾ, ಅವಳನ್ನ ಕೇಳು" ಅಂದರು.